ತಲೆಗೊಂದು, ಮೊಣಕಾಲಿಗೊಂದು

ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಬಿಲ್ಡಿಂಗಿನ ಎರಡನೇ ಮಹಡಿಯ ಹುಡುಗ ಕಳೆದ ತಿಂಗಳು ಸೊಂಟ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ. "ಅಜ್ಜಿ, ಮೂರೂವರೆ ಸಾವಿರ ಕೊಟ್ಟು ಹೊಸಾ ದಿಂಬು ತಂದೇನ್ರಿ. ಆದ್ರೂ ಮುಂಜಾನೆ ಏಳಾಕ ಆಗವಲ್ದು" ಅಂದ. ನೀ ಹೆಂಗ ಮಲಗ್ತೀಪಾ ಅಂತ ಕೇಳಿದರೆ ಅವನಿಗೇ ಗೊತ್ತಿಲ್ಲ. ಹಿಂದೆ ನಿಂತಿದ್ದ ಹೆಂಡತಿ ನಕ್ಕಳು: "ಮಗ್ಗಲಾಗಿ ಮಲಗ್ತಾರ್ರಿ. ಮ್ಯಾಲಿನ ಕಾಲು ಯಾವಾಗ್ಲೂ ನನ್ನ ಹಾಸಿಗಿ ಮ್ಯಾಲೇ ಇರ್ತದ."

ಅಲ್ಲೇ ಇತ್ತು ಗುಟ್ಟು. ಮಗ್ಗುಲಾಗಿ ಮಲಗಿದವರ ಮೇಲಿನ ಕಾಲು ಮುಂದಕ್ಕೆ ಜಾರಿ ಹಾಸಿಗೆಗೆ ಬೀಳುತ್ತದೆ. ಕಾಲಿನ ಜೊತೆ ಸೊಂಟವೂ ತಿರುಗುತ್ತದೆ, ಭುಜ ಮಾತ್ರ ಇದ್ದಲ್ಲೇ ಇರುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ನಡು ತಿರುಚಿಕೊಂಡೇ ರಾತ್ರಿಯೆಲ್ಲಾ ಕಳೆಯುತ್ತದೆ. ತಲೆಯಡಿ ಎಂಥ ದಿಂಬಿಟ್ಟರೆ ಏನು ಬಂತು? ತಲೆದಿಂಬು ನೋಡಿಕೊಳ್ಳುವುದು ಮುಖ್ಯವಾಗಿ ಕುತ್ತಿಗೆಯನ್ನು. ಸೊಂಟ ಕೇಳುವುದು ಎರಡನೇ ದಿಂಬನ್ನು, ಅದೂ ಎರಡು ಮೊಣಕಾಲಿನ ನಡುವೆ. ಅದು ಮೊಣಕಾಲಿನಿಂದ ಹಿಮ್ಮಡಿಯವರೆಗೂ ಬರುವಷ್ಟು ಉದ್ದ ಇರಲಿ. ಮೊಣಕಾಲಿಗೆ ಮಾತ್ರ ಆಸರೆ ಸಿಕ್ಕು ಪಾದ ಕೆಳಗೆ ಜೋತರೆ ತಿರುಚು ಪೂರ್ತಿ ಹೋಗುವುದಿಲ್ಲ.

ನನಗೆ ಇದು ಗೊತ್ತಾದದ್ದು ನಮ್ಮ ಯಜಮಾನರಿಂದ. ಇಪ್ಪತ್ತಾರು ವರ್ಷ ಇಲ್ಲಿಂದ ಮುಂಬೈಯ ಫೋರ್ಟಿಗೆ ಲೋಕಲ್ ರೈಲಿನಲ್ಲಿ ಓಡಾಡಿದವರು. ಮೂವರ ಬೆಂಚಿನಲ್ಲಿ ನಾಲ್ಕನೇ ಸೀಟು ಅಂತ ಒಂದಿರುತ್ತದಲ್ಲ, ಅರ್ಧ ಕುಂಡೆ ಬೆಂಚಿನ ಮೇಲೆ, ಇನ್ನರ್ಧ ಗಾಳಿಯಲ್ಲಿ, ಒಂದು ಕಾಲು ದಾರಿಗೆ ಚಾಚಿ. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ. ಅವರ ಎಡ ಸೊಂಟ ಅಲ್ಲೇ ಹೋಯಿತು ಅಂತ ನಾನಂತೂ ನಂಬಿದ್ದೇನೆ. ಅವರು ಅಂಗಾತ ಮಲಗುವವರು. ಕಾಲು ನೀಟಾಗಿ ಚಾಚಿ ಅಂಗಾತ ಮಲಗಿದರೆ ತೊಡೆಯ ಮುಂಭಾಗದ ಸ್ನಾಯು ನಡುವನ್ನು ಮುಂದಕ್ಕೆಳೆದು ಬೆನ್ನಡಿ ಕಮಾನು ಏಳುತ್ತದೆ. ಅದಕ್ಕೆ ಅವರ ಮೊಣಕಾಲಿನಡಿ ದಿವಾನದ ಮೇಲಿನ ಲೋಡನ್ನೇ ಇಟ್ಟೆ. ಮೊಣಕಾಲು ಸ್ವಲ್ಪ ಮಡಿಚಿದ್ದೇ ತಡ, ಬೆನ್ನು ಹಾಸಿಗೆಗೆ ಒರಗಿತು. ಮೊದಲ ದಿನ ಬೈದರು, ಮೂರನೇ ದಿನ ಲೋಡು ಎಲ್ಲಿ ಅಂತ ಅವರೇ ಹುಡುಕಿದರು.

ಹೊಟ್ಟೆಯಡಿ ಮಾಡಿ ಮಲಗುವವರಿಗೆ ನಾನು ಹೇಳುವುದು ಒಂದೇ: ಸಾಧ್ಯವಾದರೆ ಬಿಡಿ. ಬಿಡಲಾಗದಿದ್ದರೆ ತೆಳ್ಳನೆಯದೊಂದನ್ನು ಕಿಬ್ಬೊಟ್ಟೆಯಡಿ ಹಾಕಿ, ತಲೆಯಡಿಯದನ್ನು ತೆಗೆದುಬಿಡಿ. ಬಸುರಿಯರಿಗೆ ಎಡ ಮಗ್ಗುಲು, ಮೊಣಕಾಲ ನಡುವೆ ಒಂದು, ಹೊಟ್ಟೆಯ ಭಾರಕ್ಕೆ ಮಡಿಚಿದ ಕೌದಿ.

ಈಗ ತಲೆದಿಂಬು. ಇದರ ಎತ್ತರವನ್ನು ಅಂಗಡಿಯವನು ಹೇಳಲಾರ, ನಿಮ್ಮ ಭುಜ ಹೇಳುತ್ತದೆ. ಗೋಡೆಗೆ ಮಗ್ಗುಲಾಗಿ ಭುಜ ತಾಗಿಸಿ ನೆಟ್ಟಗೆ ನಿಂತು, ಕಿವಿಯ ನೇರಕ್ಕೆ ತಲೆಗೂ ಗೋಡೆಗೂ ಇರುವ ಸಂದನ್ನು ಮನೆಯವರಿಂದ ಅಳೆಸಿ. ಭುಜ ಹಾಸಿಗೆಯಲ್ಲಿ ಹುಗಿಯುವಷ್ಟನ್ನು ಅದರಲ್ಲಿ ಕಳೆಯಿರಿ. ಗಟ್ಟಿ ಕಾಯರ್ ಹಾಸಿಗೆಯಲ್ಲಿ ಭುಜ ಹುಗಿಯುವುದೇ ಕಮ್ಮಿ, ಹಾಗಾಗಿ ದಿಂಬು ಎತ್ತರ ಬೇಕು. ಮೆತ್ತಗಿನ ಫೋಮ್ ಹಾಸಿಗೆಗೆ ತಗ್ಗಿನದು. ಒಂದೇ ದಿಂಬು ಮಗಳ ಮನೆಯಲ್ಲಿ ಹಿತವಾಗಿ ನಮ್ಮನೆಯಲ್ಲಿ ಕುತ್ತಿಗೆ ಹಿಡಿಯುವುದು ಇದಕ್ಕೇ. ಅಂಗಾತ ಮಲಗುವವರಿಗೆ ಇನ್ನೂ ತಗ್ಗು ಸಾಕು, ಗದ್ದ ಎದೆಗೆ ತಾಗುವ ಹಾಗಿರಬಾರದು.

ಕೊಳ್ಳುವ ಮೊದಲು ನಾನು ಮಾಡಿಸುವ ಪರೀಕ್ಷೆ ಸ್ನಾನದ ಟವೆಲ್‌ನದು. ಮನೆಯಲ್ಲಿರುವ ಚಪ್ಪಟೆ ದಿಂಬಿನಡಿ ಟವೆಲ್ ಮಡಿಚಿ ಇಡಿ, ಒಂದೊಂದೇ ಮಡಿಕೆ ಹೆಚ್ಚಿಸುತ್ತ ಹೋಗಿ. ಮಗ್ಗುಲಾಗಿ ಮಲಗಿದಾಗ ಮನೆಯವರು ಮುಂದಿನಿಂದ ಒಂದು ಫೋಟೋ ತೆಗೆಯಲಿ. ಮೂಗಿನಿಂದ ಎದೆಯ ನಡುಮೂಳೆಯವರೆಗೆ ಗೆರೆ ನೆಟ್ಟಗಿದ್ದರೆ ಆ ಎತ್ತರವನ್ನು ಸ್ಕೇಲಿನಲ್ಲಿ ಅಳೆದು ಬರೆದಿಟ್ಟುಕೊಂಡು ಅಂಗಡಿಗೆ ಹೋಗಿ. ನಮ್ಮ ಹುಡುಗನದು ನಾಲ್ಕೂವರೆ ಇಂಚು ಬಂತು. ಅವನು ತಂದದ್ದು ಆರು ಇಂಚಿನದು.

ಅದು ಮೆಮೊರಿ ಫೋಮ್. 1966ರಲ್ಲಿ ನಾಸಾದವರು ವಿಮಾನದ ಸೀಟಿಗೆ ಅಂತ ಮಾಡಿಸಿದ ವಸ್ತುವಂತೆ, ಮೊಮ್ಮಗ ಹೇಳಿದ. ಒಳ್ಳೆಯದೇ, ನಾನೇನೂ ಅದರ ವೈರಿಯಲ್ಲ. ಆದರೆ ಅದು ಬಿಸಿಗೆ ಮೆತ್ತಗಾಗುತ್ತದೆ, ತಂಪಿಗೆ ಬಿಗಿಯುತ್ತದೆ. ಅಂಗಡಿಯ ಎಸಿಯಲ್ಲಿ ಒತ್ತಿ ನೋಡಿ ಗಟ್ಟಿ ಇದೆ ಅಂತ ತಂದವರು, ಮೇ ತಿಂಗಳ ರಾತ್ರಿ ನಮ್ಮ ಡೊಂಬಿವಲಿಯ ಫ್ಯಾನಿನಡಿ ಅದರೊಳಗೆ ಹುಗಿದುಹೋಗುತ್ತಾರೆ. ಎಸಿ ಇಲ್ಲದ ಮನೆಗೆ ನಾನು ಹೇಳುವುದು ಲೇಟೆಕ್ಸ್ ಅಂದರೆ ರಬ್ಬರಿನದು, ಇಲ್ಲವೇ ಒಳ್ಳೆ ಹತ್ತಿ. ಹತ್ತಿಯದು ಈಗಲೂ ಗಾದಿ ಅಂಗಡಿಯಲ್ಲಿ ಎದುರಿಗೇ ತುಂಬಿಸಿಕೊಂಡು ಬರಬಹುದು. ಎತ್ತರ ನಮ್ಮ ಕೈಯಲ್ಲಿರುತ್ತದೆ, ಒಂದು ಹಿಡಿ ಹಾಕು, ಒಂದು ಹಿಡಿ ತೆಗಿ ಅನ್ನಬಹುದು. ಮೂಲೆಯ ಹೊಲಿಗೆ ಬಿಚ್ಚುವ ಹಾಗೆ ಹಾಕಿಸಿಕೊಳ್ಳಿ. ಮೊದಲೆಲ್ಲ ಹತ್ತಿ ಹಿಂಜುವ ಪಿಂಜಾರ ಬಿಲ್ಲು ಹೆಗಲಿಗೆ ಹಾಕಿಕೊಂಡು ತಂತಿ ಮೀಟುತ್ತ ಓಣಿಗೇ ಬರುತ್ತಿದ್ದ. ಆ ಟುಂಯ್ ಸದ್ದು ಕೇಳಿದರೆ ನಮ್ಮ ಅತ್ತೆ ಊಟ ಬಿಟ್ಟು ಏಳುತ್ತಿದ್ದರು. ಇರಲಿ.

ಹತ್ತಿಗೆ ಮಳೆಗಾಲವೇ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಹೀರಿ ಗಂಟು ಕಟ್ಟುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಬೂರುಗದ ಅರಳೆ ಹಗುರ, ತಂಪು, ಆದರೆ ತೊಳೆದರೆ ಮುದ್ದೆ. ಮಳೆ ಬಿಟ್ಟು ಅಕ್ಟೋಬರ್ ಬಿಸಿಲು ಬಿದ್ದ ದಿನ ಹತ್ತಿಯದನ್ನು ಗ್ರಿಲ್ಲಿನ ಮೇಲೆ ಹಾಕಿ ಬಡಿಯಿರಿ. ಲೇಟೆಕ್ಸ್, ಫೋಮ್‌ಗಳನ್ನು ಮಾತ್ರ ಬಿಸಿಲಿಗೆ ಹಾಕಬೇಡಿ, ಪುಡಿಪುಡಿಯಾಗಿ ಉದುರುತ್ತವೆ. ಅವಕ್ಕೆ ನೆರಳು, ಗಾಳಿ ಸಾಕು.

ನೆಲದ ಮೇಲೆ ಮಲಗು, ಬೆನ್ನು ಸರಿಹೋಗುತ್ತದೆ ಅನ್ನುವ ಮಾತು ನಮ್ಮಲ್ಲಿ ತುಂಬಾ. ನಾನೂ ಹೇಳುತ್ತಿದ್ದೆ, ಈಗ ಬಿಟ್ಟಿದ್ದೇನೆ. ಸ್ಪೇನಿನಲ್ಲಿ ಹಳೆಯ ಸೊಂಟ ನೋವಿನ 313 ಜನರಿಗೆ ಗಟ್ಟಿ ಹಾಸಿಗೆ, ಮಧ್ಯಮ ಹಾಸಿಗೆ ಕೊಟ್ಟು ನೋಡಿದ ಪರೀಕ್ಷೆ 2003ರಲ್ಲಿ ಪ್ರಕಟವಾಯಿತು. ಮಧ್ಯಮದಲ್ಲಿ ಮಲಗಿದವರಿಗೇ ಹೆಚ್ಚು ಹಿತವಾಗಿತ್ತು. ಹಾಸಿಗೆ ನಡುವೆ ಹಳ್ಳ ಬಿದ್ದಿದ್ದರೆ ಮಾತ್ರ ಯಾವ ದಿಂಬೂ ಕೆಲಸಕ್ಕೆ ಬರುವುದಿಲ್ಲ.

ಏಳುವಾಗ ಅಂಗಾತದಿಂದ ಧಡಕ್ಕನೆ ಎದ್ದು ಕೂರಬೇಡಿ. ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಿ. ಇನ್ನು ಕಾಲಿಗೆ ಜೋಮು ಹಿಡಿದು ಶಕ್ತಿ ಕುಂದಿದರೆ, ಕೂರುವ ಜಾಗ ಮರಗಟ್ಟಿದರೆ, ಒಂದಕ್ಕೆ ಎರಡಕ್ಕೆ ಹಿಡಿತ ತಪ್ಪಿದರೆ, ಬಿದ್ದ ಮೇಲೆ ನೋವು ಬಂದಿದ್ದರೆ, ಜ್ವರ ಇದ್ದರೆ, ಸುಮ್ಮಸುಮ್ಮನೆ ತೂಕ ಇಳಿದರೆ, ದಿಂಬಿನ ಮಾತು ಬಿಟ್ಟು ಆವತ್ತೇ ಡಾಕ್ಟರ ಹತ್ತಿರ ಹೋಗಿ.

ಆ ಹುಡುಗನ ಮೂರೂವರೆ ಸಾವಿರದ ದಿಂಬು ಈಗ ಅವನ ಮೊಣಕಾಲ ನಡುವೆ ಇದೆ. ತಲೆಯಡಿ ಅವನ ಹೆಂಡತಿಯ ತವರಿನಿಂದ ಬಂದ ಹಳೆಯ ಹತ್ತಿ ದಿಂಬು, ಅದರಡಿ ಎರಡು ಮಡಿಕೆ ಟವೆಲ್.