ಗೋದಾಮಿನಲ್ಲಿ ಭತ್ತದ ಚೀಲ ನಿಟ್ಟು ಹಚ್ಚುವುದು ಹೇಗೆ?

ಗಂಗಾವತಿ, ಕಾರಟಗಿ ಕಡೆ ನವೆಂಬರ್ ಬಂತೆಂದರೆ ಸೋನಾ ಮಸೂರಿ ಲಾರಿಗಳು ಸಾಲು ನಿಲ್ಲುತ್ತವೆ, ಗೋದಾಮುಗಳಿಗೆ ಹೊಸ ಹುಡುಗರು ಬೇಕಾಗುತ್ತಾರೆ. ನೀವೂ ಈ ಸಲ ಸೇರಿದ್ದೀರಾ? ಲೆಕ್ಕ ಬರೆಯೋದನ್ನು ಯಾರಾದರೂ ಹೇಳಿಕೊಡುತ್ತಾರೆ ಬಿಡಿ. ಮೊದಲು ನಿಟ್ಟು ಹಚ್ಚಿಸುವುದನ್ನು, ಅಂದರೆ ಚೀಲಗಳನ್ನು ಒಂದರ ಮೇಲೊಂದು ಒಟ್ಟಿಸುವುದನ್ನು ಕಲಿಯಿರಿ.

ಲಾರಿಯ ಕಾಟಾ (ತೂಕ) ಮುಗಿದ ತಕ್ಷಣ ಚೀಲ ಇಳಿಸಬೇಡಿ. ಕೊಳವೆ ಚುಚ್ಚಿ ಕಾಳು ತೆಗೆದು ತೇವಾಂಶದ ಮೀಟರಿಗೆ ಹಾಕಿ. ಸರ್ಕಾರಿ ಖರೀದಿಗೆ 17% ತನಕ ನಡೆಯುತ್ತದೆ, ಆದರೆ ತಿಂಗಳುಗಟ್ಟಲೆ ಇಡುವ ಭತ್ತ 14% ದಾಟಿರಬಾರದು. ಹಳೇ ಹಮಾಲರು ಕಾಳು ಕಚ್ಚಿಯೇ ಹೇಳಿಬಿಡುತ್ತಾರೆ, ಕಟ್ ಅಂದರೆ ಒಣಗಿದೆ, ಹಲ್ಲಿಗೆ ಮೆತ್ತಗಾದರೆ ಹಸಿ.

ಆಮೇಲೆ ನೆಲಕ್ಕೆ ಮರದ ಪ್ಯಾಲೆಟ್ ಹಾಕಿಸಿ. ಗೋಡೆಯಿಂದ ಎರಡೂವರೆ ಅಡಿ ಬಿಡಿ, ಒಬ್ಬ ಮನುಷ್ಯ ಸುತ್ತ ಓಡಾಡುವಷ್ಟು. ನಾನು ಮೊದಲ ವರ್ಷ ಜಾಗ ಉಳಿಸೋಕೆ ಹೋಗಿ ಗೋಡೆಗೆ ತಾಗಿಸಿ ಹಚ್ಚಿಸಿದ್ದೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿಯಿತು, ಹಿಂದಿನ ಸಾಲಿನ ಚೀಲಗಳ ಬೆನ್ನೆಲ್ಲ ಕಪ್ಪು ಬೂಸ್ಟು. ಮುಂದಿನಿಂದ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ, ವಾಸನೆ ಬಂದಾಗಲೇ ತಿಳಿದದ್ದು.

ಈಗ ನಿಟ್ಟು. ಒಂದು ವರಸೆ (ಚೀಲಗಳ ಪದರ) ಉದ್ದಕ್ಕೆ, ಮೇಲಿನದು ಅಡ್ಡಕ್ಕೆ, ಹೀಗೆ ಹೆಣೆದುಕೊಂಡು ಹೋದರೆ ಜಾರುವುದಿಲ್ಲ. ಅಂಚಿನ ಚೀಲಗಳ ಹೊಲಿದ ಬಾಯಿ ಒಳಗಡೆ ಇರಲಿ, ಹೊಲಿಗೆ ಬಿಚ್ಚಿದರೂ ಕಾಳು ಹೊರಗೆ ಸುರಿಯಬಾರದು ನೋಡಿ. ಪ್ರತಿ ವರಸೆಯಲ್ಲೂ ಲೆಕ್ಕ ಒಂದೇ ಇರಬೇಕು. 40 ಚೀಲದ 10 ವರಸೆ, ಮೇಲೆ 7 ಬಿಡಿ ಚೀಲ ಅಂದರೆ 407. ತಪಾಸಣೆಗೆ ಬಂದವರ ಮುಂದೆ ಏಣಿ ಹತ್ತಿ ಒಂದೊಂದೇ ಎಣಿಸುವ ಪಾಡು ತಪ್ಪುತ್ತದೆ. ದಿನಾಂಕ, ಲಾರಿ ನಂಬರ್, ಚೀಲದ ಸಂಖ್ಯೆ ಬರೆದ ಕಾರ್ಡನ್ನು ಅವತ್ತೇ ನೇತುಹಾಕಿ.

ಹುಳಕ್ಕೆ ಗುಳಿಗೆ ಇಡೋದು ನಿಮ್ಮ ಕೆಲಸ ಅಲ್ಲವೇ ಅಲ್ಲ. ಆ ಗುಳಿಗೆಯಲ್ಲಿರುವ ಅಲ್ಯೂಮಿನಿಯಂ ಫಾಸ್ಫೈಡ್‌ಗೆ ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನೋ ವಿಷದ ಗಾಳಿ ಏಳುತ್ತದೆ. ತರಬೇತಿ ಆದವರೇ ಇಡಬೇಕು. ತಾಡಪಾಲು ಹೊದಿಸಿದ ನಿಟ್ಟಿನ ಹತ್ತಿರ ಅವರು ಹೇಳುವ ತನಕ ಸುಳಿಯಬೇಡಿ, ಮಧ್ಯಾಹ್ನ ತಂಪಾಗಿದೆ ಅಂತ ಅಲ್ಲಿ ಮಲಗೋದಂತೂ ಬೇಡವೇ ಬೇಡ.

ಮಾಲು ಹೊರಗೆ ಹೋಗುವಾಗ ಮೊದಲು ಬಂದದ್ದು ಮೊದಲು. ತೆಗೆಯೋದು ಮೇಲಿನಿಂದ, ಮೆಟ್ಟಿಲು ಮೆಟ್ಟಿಲಾಗಿ. ಲಾರಿ ಡ್ರೈವರ್ ಎಷ್ಟೇ ಅವಸರ ಮಾಡಲಿ, ಕೆಳಗಿನ ಚೀಲಕ್ಕೆ ಕೊಕ್ಕೆ ಹಾಕಿ ಎಳೆಯೋಕೆ ಯಾರನ್ನೂ ಬಿಡಬೇಡಿ.