ಕಾಲುವೆ ದೋಣಿಯಲ್ಲಿ ಬಟ್ಟೆಯ ಹಂಗಿಲ್ಲದೆ: ನನ್ನ ಅನುಭವ

ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡುವ ನ್ಯಾರೋಬೋಟ್ ಅಗಲ ಏಳು ಅಡಿಗೆ ಒಂದೆರಡು ಇಂಚು ಕಮ್ಮಿ. ಉದ್ದ ಮಾತ್ರ ಎಪ್ಪತ್ತು ಅಡಿವರೆಗೂ ಹೋಗುತ್ತದೆ. ರೈಲು ಬೋಗಿಯನ್ನು ಸಪೂರ ಮಾಡಿ ನೀರಿಗೆ ಬಿಟ್ಟ ಹಾಗೆ ಕಾಣುತ್ತದೆ. ಒಳಗೆ ಅಡುಗೆಮನೆ, ಹಾಸಿಗೆ, ಶವರ್, ಸೌದೆ ಒಲೆ ಎಲ್ಲಾ ಇರುತ್ತದೆ. ವೇಗದ ಮಿತಿ ಗಂಟೆಗೆ 4 ಮೈಲಿ. ದಡದಲ್ಲಿ ನಾಯಿ ಹಿಡಿದು ಬಿರುಸಾಗಿ ನಡೆಯುವವರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ. ಇಂಥ ದೋಣಿಯಲ್ಲಿ, ಯಾರಿಗೂ ಮುಜುಗರ ಮಾಡದೆ, ಬಟ್ಟೆ ಇಲ್ಲದೆ ದಿನ ಕಳೆಯಬಹುದಾ ಅಂದರೆ ಕಳೆಯಬಹುದು. ನಾನೂ ನನ್ನ ಹೆಂಡತಿಯೂ ಬೇಸಿಗೆ ಬಂದರೆ ಅದನ್ನೇ ಮಾಡುತ್ತೇವೆ.

ಇದು ಕಾಮದ ವಿಷಯ ಅಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಇದನ್ನು ನೇಚರಿಸಂ ಅನ್ನುತ್ತಾರೆ. ಬ್ರಿಟಿಷ್ ನೇಚರಿಸಂ ಅನ್ನುವ ಸಂಘ 1964ರಿಂದಲೂ ಇದೆ. ಅದರ ಸದಸ್ಯರಲ್ಲಿ ಅಜ್ಜಿ ತಾತಂದಿರೂ ಇದ್ದಾರೆ. ನನಗೆ ಇದರಲ್ಲಿ ದೊಡ್ಡ ತತ್ವ ಏನೂ ಇಲ್ಲ. ದೋಣಿ ಉಕ್ಕಿನದು. ಜುಲೈ ಬಿಸಿಲಿಗೆ ಒಳಗೆ ಬೇಯುತ್ತದೆ. ಮೈಗೆ ಗಾಳಿ ಆಡಿದರೆ ಹಾಯಾಗಿರುತ್ತದೆ, ಅಷ್ಟೆ. ನಾನು ಹುಟ್ಟಿ ಬೆಳೆದದ್ದು ಮಂಡ್ಯ ಕಡೆ. ವಿಶ್ವೇಶ್ವರಯ್ಯ ನಾಲೆಗೆ ಬೆತ್ತಲೆ ಧುಮುಕದ ಹುಡುಗ ನಮ್ಮೂರಲ್ಲಿ ಇರಲಿಲ್ಲ. ಮೀಸೆ ಚಿಗುರುವ ಹೊತ್ತಿಗೆ ಎಲ್ಲರಿಗೂ ನಾಚಿಕೆ ಬಂತು, ಚಡ್ಡಿ ಬಂತು. ನನಗೆ ಐವತ್ತು ದಾಟಿದ ಮೇಲೆ ನಾಚಿಕೆ ಸ್ವಲ್ಪ ವಾಪಸ್ ಹೋಯಿತು.

ಇದಕ್ಕೆ ಧೈರ್ಯ ಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಧೈರ್ಯಕ್ಕಿಂತ ಜಾಸ್ತಿ ಬೇಕಾದ್ದು ಲೆಕ್ಕಾಚಾರ. ಯಾರು ಎಲ್ಲಿಂದ ಬರುತ್ತಾರೆ, ಅವರ ಕಣ್ಣು ಎಷ್ಟು ಎತ್ತರದಲ್ಲಿ ಇರುತ್ತದೆ, ದೋಣಿಯ ಯಾವ ಗೋಡೆ ಅಡ್ಡ ಬರುತ್ತದೆ ಅನ್ನುವುದು ಗೊತ್ತಿದ್ದರೆ ಮುಕ್ಕಾಲು ಕೆಲಸ ಆದ ಹಾಗೆ.

ಮೊದಲು ದೋಣಿಯ ಹಿಂಭಾಗ. ನ್ಯಾರೋಬೋಟ್‌ಗಳಲ್ಲಿ ಮೂರು ಬಗೆ ಇದೆ. ಕ್ರೂಸರ್ ಅನ್ನುವ ಬಗೆಗೆ ಹಿಂದೆ ಬಯಲು ಜಗಲಿ. ನಾಲ್ಕು ಜನ ನಿಂತು ಹರಟೆ ಹೊಡೆಯಬಹುದು, ಆದರೆ ಪಾದದಿಂದ ತಲೆವರೆಗೂ ಊರಿಗೆಲ್ಲ ಕಾಣುತ್ತೀರಿ. ಸೆಮಿ-ಟ್ರ್ಯಾಡ್‌ಗೆ ಎರಡೂ ಪಕ್ಕ ಗೋಡೆ ಇದೆ, ಮೇಲೆ ಸೂರು ಇಲ್ಲ. ಮೂರನೆಯದು ಟ್ರ್ಯಾಡ್, ಅಂದರೆ ಹಳೇ ಕಾಲದ ಮಾದರಿ. ಇದರಲ್ಲಿ ದೋಣಿ ನಡೆಸುವವರು ಕ್ಯಾಬಿನ್ನಿನ ಹಿಂಬಾಗಿಲ ಒಳಗೆ, ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಚುಕ್ಕಾಣಿಯ ಹಿಡಿ, ಅಂದರೆ ಟಿಲ್ಲರ್, ಅವರ ಕೈಗೆ ಅಲ್ಲಿಗೇ ಸಿಗುತ್ತದೆ. ಹಿಂದೆ ಸರಕು ಸಾಗಿಸುತ್ತಿದ್ದ ದೋಣಿಯವರು ಸಂಸಾರ ಸಮೇತ ಆ ಪುಟ್ಟ ಕ್ಯಾಬಿನ್ನಿನಲ್ಲೇ ಇರುತ್ತಿದ್ದರು. ಚಳಿಗಾಲದಲ್ಲಿ ಒಲೆಯ ಬಿಸಿ ಕಾಲಿಗೆ ತಾಗುತ್ತಾ ಇರುತ್ತಿತ್ತು. ನನಗೆ ಅದರ ಉಪಯೋಗ ಬೇರೆ. ಸೊಂಟದ ಕೆಳಗಿನದು ಪೂರ್ತಿ ದೋಣಿಯೊಳಗೆ. ಹೊರಗಿನವರಿಗೆ ಕಾಣುವುದು ಟೋಪಿ ಹಾಕಿಕೊಂಡ, ಬರಿಮೈಯ, ಹೊಟ್ಟೆ ಬಂದ ಒಬ್ಬ ಗಂಡಸು. ಬೇಸಿಗೆಯಲ್ಲಿ ಇಂಥವರು ಈ ಕಾಲುವೆಗಳಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ. ಎದುರು ದೋಣಿಯವರು ಕೈ ಎತ್ತಿ ಮಾತಾಡಿಸಿ ಹೋಗುತ್ತಾರೆ, ನಾನೂ ಕೈ ಎತ್ತುತ್ತೇನೆ. ದೋಣಿ ಕೊಳ್ಳುವಾಗ ನಾವು ಟ್ರ್ಯಾಡೇ ಬೇಕು ಅಂತ ಹಟ ಹಿಡಿದದ್ದಕ್ಕೆ ಇದೂ ಒಂದು ಕಾರಣ. ಮಾರಿದವರಿಗೆ ಮಾತ್ರ ಹಳೇ ಮಾದರಿ ಮೇಲೆ ಪ್ರೀತಿ ಅಂತ ಹೇಳಿದ್ದೆವು.

ಗಂಡಸಿಗೆ ಸಿಗುವ ಈ ರಿಯಾಯಿತಿ ಹೆಂಗಸಿಗೆ ಇಲ್ಲ. ಅದು ಅನ್ಯಾಯವೇ. ಟಿಲ್ಲರ್ ಹಿಡಿದಾಗ ನನ್ನ ಹೆಂಡತಿ ತೋಳಿಲ್ಲದ ಹತ್ತಿ ಅಂಗಿ ಹಾಕಿಕೊಳ್ಳುತ್ತಾಳೆ. ಅವಳ ಆರಾಮ ದೋಣಿ ನಿಂತ ಮೇಲೆ ಶುರು.

ನಿಲ್ಲಿಸುವ ಜಾಗದ ವಿಷಯಕ್ಕೆ ಬರುತ್ತೇನೆ. ಈ ಕಾಲುವೆಗಳ ಒಂದು ದಡದಲ್ಲಿ ಟೋಪಾತ್ ಇರುತ್ತದೆ. ಹಿಂದೆ ಕುದುರೆಗಳು ದೋಣಿ ಎಳೆದುಕೊಂಡು ಹೋಗುತ್ತಿದ್ದ ದಾರಿ. ಈಗ ಅಲ್ಲಿ ನಾಯಿಯವರು, ಸೈಕಲಿನವರು, ಓಡುವವರು. ದೋಣಿ ಕಟ್ಟುವುದೂ ಆ ಬದಿಗೇ, ಯಾಕೆಂದರೆ ಆಚೆ ದಡ ಸಾಮಾನ್ಯವಾಗಿ ಯಾರದೋ ಸ್ವಂತ ಜಮೀನು. ಹಾಗಾಗಿ ದೋಣಿಯ ಒಂದು ಗೋಡೆ ಜನ ನಡೆಯುವ ದಾರಿಗೆ ಕೈಗೆಟಕುವಷ್ಟು ಹತ್ತಿರ. ಇನ್ನೊಂದು ಗೋಡೆಗೆ ನೀರು, ಅದರಾಚೆ ಬೇಲಿ, ಹೊಲ, ಹಸು. ನಮ್ಮ ಬದುಕೆಲ್ಲ ಆ ನೀರಿನ ಕಡೆ. ದಾರಿ ಕಡೆಯ ಕಿಟಕಿಗೆ ಪರದೆ. ನೀರಿನ ಕಡೆ ಸೈಡ್ ಹ್ಯಾಚ್ ಅನ್ನುವ ಪುಟ್ಟ ಜೋಡಿ ಬಾಗಿಲು ಇದೆ. ಅದನ್ನು ತೆಗೆದು ಎದುರಿಗೆ ಕುರ್ಚಿ ಹಾಕಿಕೊಂಡರೆ ಬಿಸಿಲು, ಗಾಳಿ, ಬಾತುಕೋಳಿ ಎಲ್ಲಾ ಸಿಗುತ್ತದೆ. ದಾರಿಯಲ್ಲಿ ಹೋಗುವವರಿಗೆ ಏನೂ ಕಾಣುವುದಿಲ್ಲ. ಕಾಫಿ ಕುಡಿಯೋಕೆ ಇದಕ್ಕಿಂತ ಒಳ್ಳೆ ಜಾಗ ನಾನು ಕಂಡಿಲ್ಲ.

ಒಂದು ತಾಪತ್ರಯ ಇದೆ. ಟೋಪಾತ್ ಕೆಲವು ಕಡೆ ಸೇತುವೆ ಹತ್ತಿ ಆಚೆ ದಡಕ್ಕೆ ದಾಟಿಬಿಡುತ್ತದೆ. ಆಗ ನಮ್ಮ ಹ್ಯಾಚು ನೇರ ದಾರಿಗೇ ಮುಖ ಮಾಡುತ್ತದೆ. ದೋಣಿ ತಿರುಗಿಸೋಣ ಅಂದರೆ ಕಾಲುವೆಯ ಅಗಲಕ್ಕಿಂತ ದೋಣಿಯ ಉದ್ದ ಜಾಸ್ತಿ. ಅದಕ್ಕೆಂದೇ ಅಗಲ ಮಾಡಿದ ಜಾಗಗಳಲ್ಲಿ ಮಾತ್ರ ತಿರುಗುತ್ತದೆ. ಹಾಗಾಗಿ ಹೊರಡುವ ಮುಂಚೆ ನಕ್ಷೆಯಲ್ಲಿ ದಾರಿ ಯಾವ ಬದಿಗಿದೆ ಅಂತ ನೋಡಿಕೊಳ್ಳುತ್ತೇನೆ. ಎರಡೂ ಕಡೆ ಹ್ಯಾಚ್ ಇರುವ ದೋಣಿ ಸಿಕ್ಕರೆ ಈ ಚಿಂತೆ ಇಲ್ಲ.

ಮೂತಿಯ ಕಡೆ ಕ್ರ್ಯಾಚ್ ಕವರ್ ಹಾಕಿಸಿದ್ದೇವೆ. ಮುಂದಿನ ಜಗಲಿಗೆ ಡೇರೆಯ ಹಾಗೆ ಕ್ಯಾನ್ವಾಸ್ ಹೊದಿಕೆ. ದಾರಿ ಬದಿಯ ಜಿಪ್ ಮುಚ್ಚಿ, ನೀರಿನ ಬದಿಯದು ಸುತ್ತಿ ಮೇಲೆ ಕಟ್ಟಿದರೆ ಮುಗಿಯಿತು. ಹೆಂಡತಿ ಮಧ್ಯಾಹ್ನ ಪೂರ್ತಿ ಅಲ್ಲೇ ಮಲಗಿ ಓದುತ್ತಾಳೆ.

ಜಾಗ ಆರಿಸುವುದಕ್ಕೆ ನನ್ನದೊಂದು ಸರಳ ಲೆಕ್ಕ. ಜನ ಟೋಪಾತಿಗೆ ಇಳಿಯುವುದು ಸೇತುವೆಗಳ ಹತ್ತಿರ. ಕಾರು ನಿಲ್ಲಿಸೋಕೂ ಅಲ್ಲೇ ಜಾಗ. ಸೇತುವೆಗಳಿಗೆ ನಂಬರ್ ಇರುತ್ತದೆ. ನಕ್ಷೆಯಲ್ಲಿ ಎರಡು ಸೇತುವೆಗಳ ನಡುವೆ ಅತಿ ಉದ್ದದ ತುಂಡು ಹುಡುಕಿ, ಅದರ ನಟ್ಟನಡುವೆ ಗೂಟ ಹೊಡೆಯುತ್ತೇನೆ. ಹಳ್ಳಿ, ಪಬ್ಬು, ರೈಲು ಹಳಿ ಹತ್ತಿರ ಇರಬಾರದು. ರೈಲು ಕಿಟಕಿ ಎತ್ತರದಲ್ಲಿರುತ್ತದೆ, ಅಲ್ಲಿಂದ ಕ್ಯಾನ್ವಾಸ್ ಸಂದಿಯೂ ಕಾಣುತ್ತದೆ. ಫಲಕದಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ ಒಂದು ಕಡೆ 14 ದಿನದವರೆಗೆ ನಿಲ್ಲಬಹುದು. ನಾವು ಅಷ್ಟು ದಿನ ನಿಲ್ಲುವುದಿಲ್ಲ.

ನಾಯಿಯವರು ಬೆಳಗ್ಗೆ ಬೇಗ ಬರುತ್ತಾರೆ, ಆದರೆ ಸದ್ದು ಮಾಡುತ್ತಾ ಬರುತ್ತಾರೆ. ಅಪಾಯ ಇರುವುದು ಮೀನು ಹಿಡಿಯುವವರಿಂದ. ಹಸಿರು ಛತ್ರಿ, ಹಸಿರು ಕೋಟು, ಗಂಟೆಗಟ್ಟಲೆ ಮಾತಿಲ್ಲ, ಕತೆಯಿಲ್ಲ. ಪೊದೆ ಯಾವುದು ಮನುಷ್ಯ ಯಾವುದು ಗೊತ್ತಾಗುವುದಿಲ್ಲ. ಶನಿವಾರ ಭಾನುವಾರ ಬಾಡಿಗೆ ದೋಣಿಗಳಲ್ಲಿ ಪಾರ್ಟಿಯವರು ಬರುತ್ತಾರೆ. ಆವಾಗ ನಾವು ಸುಮ್ನೆ ಬಟ್ಟೆ ಹಾಕಿಕೊಂಡು ಇದ್ದುಬಿಡುತ್ತೇವೆ.

ಕಾನೂನಿನ ಮಾತು ಎಲ್ಲರೂ ಕೇಳುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬೆತ್ತಲೆ ಇರುವುದೇ ಒಂದು ಅಪರಾಧ ಅಲ್ಲ. 2003ರ ಸೆಕ್ಷುಯಲ್ ಅಫೆನ್ಸಸ್ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ, ಯಾರಾದರೂ ನೋಡಲಿ, ನೋಡಿ ಗಾಬರಿಯೋ ಸಂಕಟವೋ ಪಡಲಿ ಅನ್ನುವ ಉದ್ದೇಶದಿಂದ ಗುಪ್ತಾಂಗ ತೋರಿಸಿದರೆ ಅಪರಾಧ. 1986ರ ಪಬ್ಲಿಕ್ ಆರ್ಡರ್ ಕಾಯ್ದೆಯ 5ನೇ ಸೆಕ್ಷನ್ ಕೂಡ ಜನರಿಗೆ ಕಿರುಕುಳ, ಗಾಬರಿ ಆಗುವಂಥ ನಡವಳಿಕೆಯ ಬಗ್ಗೆ ಇದೆ. ಉದ್ದೇಶ ಏನು, ಸಂದರ್ಭ ಏನು ಅನ್ನುವುದೇ ಮುಖ್ಯ. ಸ್ಕಾಟ್ಲೆಂಡಿನ ಕಾನೂನು ಬೇರೆ. ಆದರೆ ಕಾನೂನು ಬಿಡುತ್ತದೆ ಅಂತ ಕಂಡವರ ಮುಂದೆ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಯಾರೋ ಬಾತುಕೋಳಿ ತೋರಿಸೋಕೆ ಬಂದಿರುತ್ತಾರೆ. ಅವರ ಸಂಜೆ ಕೆಡಿಸುವ ಹಕ್ಕು ನನಗಿಲ್ಲ ಅಲ್ವಾ?

ಅದಕ್ಕೇ ಲುಂಗಿ. ಇಲ್ಲಿನವರು ಟವೆಲ್ ಅನ್ನುತ್ತಾರೆ, ಡ್ರೆಸ್ಸಿಂಗ್ ಗೌನ್ ಅನ್ನುತ್ತಾರೆ. ಟವೆಲ್ ಜಾರುತ್ತದೆ. ಗೌನಿಗೆ ತೋಳು ಹುಡುಕಬೇಕು, ಬೆಲ್ಟು ಹುಡುಕಬೇಕು. ಲುಂಗಿ ಎತ್ತಿದೆವಾ, ಸುತ್ತಿದೆವಾ, ಸಿಕ್ಕಿಸಿದೆವಾ, ಮುಗಿಯಿತು. ಒಂದು ಕೈ ಟಿಲ್ಲರ್ ಮೇಲೇ ಇದ್ದರೂ ಮೊಣಕೈಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದು ಸುತ್ತಿಕೊಳ್ಳಬಹುದು. ಚೌಕಳಿ ಲುಂಗಿ ಒಂದು ಹಿಂಬಾಗಿಲ ಮೊಳೆಗೆ, ಒಂದು ಹ್ಯಾಚ್ ಹತ್ತಿರ, ಒಂದು ಮುಂದಿನ ಜಗಲಿಯಲ್ಲಿ. ಎಲ್ಲಿದ್ದರೂ ಕೈಗೆ ಸಿಗಬೇಕು.

ಇನ್ನೊಂದು ಅನುಕೂಲ ನಮ್ಮ ಮಾತು. ಹೆಂಡತಿ ಒಳಗಿನಿಂದ ಕಿಟಕಿ ಪರದೆ ಸರಿಸಿ ನೋಡಿ ಕೂಗುತ್ತಾಳೆ: "ರೀ, ಎಡಗಡೆಯಿಂದ ಇಬ್ರು ಬರ್ತಿದಾರೆ, ಲುಂಗಿ!" ದಾರಿಯಲ್ಲಿ ಬರುವ ಆ ಇಬ್ಬರಿಗೂ ಅದು ಕೇಳುತ್ತದೆ. ಒಂದಕ್ಷರ ಅರ್ಥ ಆಗುವುದಿಲ್ಲ. ನಗುತ್ತಾ ಗುಡ್ ಮಾರ್ನಿಂಗ್ ಹೇಳಿ ಹೋಗುತ್ತಾರೆ. ಅವರು ದಾಟಿದ ಮೇಲೆ ಒಳಗಿನಿಂದ "ಹೋದ್ರು, ಇನ್ನು ಬರೀ ಹಸು" ಅಂತ ಬರುತ್ತದೆ.

ಲಾಕುಗಳಲ್ಲಿ ಮಾತ್ರ ನಾನು ಚಡ್ಡಿ, ಅಂಗಿ, ಗಟ್ಟಿ ಶೂ ಹಾಕಿಕೊಂಡೇ ಇಳಿಯುತ್ತೇನೆ. ಲಾಕ್ ಅಂದರೆ ನೀರು ತುಂಬಿಸಿ ಖಾಲಿ ಮಾಡಿ ದೋಣಿಯನ್ನು ಮೇಲೆ ಕೆಳಗೆ ಮಾಡುವ ತೊಟ್ಟಿ. ಅಲ್ಲಿ ನೋಡೋಕೆ ಜನ ನೆರೆದಿರುತ್ತಾರೆ, ಸಹಾಯಕ್ಕೆ ಸ್ವಯಂಸೇವಕರೂ ಇರುತ್ತಾರೆ. ಮರ್ಯಾದೆಯ ಪ್ರಶ್ನೆ ಹಾಗಿರಲಿ, ಸುರಕ್ಷತೆಯ ಪ್ರಶ್ನೆ ದೊಡ್ಡದು. ಲಾಕಿನ ನೀರಿನ ಕಿಂಡಿ ತೆರೆಯುವ ಕಬ್ಬಿಣದ ಹಿಡಿ ಕೈತಪ್ಪಿ ಗಿರಗಿರ ತಿರುಗಿದರೆ ಮೂಳೆ ಮುರಿಯುತ್ತದೆ. ಹಗ್ಗ ಬರಿ ಚರ್ಮಕ್ಕೆ ಉಜ್ಜಿದರೆ ಸುಟ್ಟ ಗಾಯ. ಜೋಲಾಡುವ ಲುಂಗಿಯೂ ಅಲ್ಲಿ ಬೇಡ, ಕಾಲಿಗೆ ತೊಡರುತ್ತದೆ. ದಡಕ್ಕೆ ಇಳಿದರೆ ನೆಟಲ್ ಗಿಡ ಬೇರೆ. ತಾಗಿದರೆ ಸಂಜೆವರೆಗೂ ಉರಿಯುತ್ತದೆ.

ಲಾಕಿನ ಕಾಟವೇ ಬೇಡ ಅನ್ನುವವರಿಗೆ ಆಶ್ಬಿ ಕಾಲುವೆ. ಬೆಡ್‌ವರ್ತ್ ಪಕ್ಕದ ಮಾರ್ಸ್ಟನ್ ಜಂಕ್ಷನ್ನಿನಿಂದ ಸ್ನೇರ್‌ಸ್ಟನ್ ಆಚೆವರೆಗೆ ಸುಮಾರು 22 ಮೈಲಿ, ಒಂದು ಲಾಕೂ ಇಲ್ಲ. 1485ರ ಬಾಸ್ವರ್ತ್ ಯುದ್ಧ ನಡೆದ ಸೀಮೆ ಅದು. ಸಟನ್ ಚೇನಿ ಹತ್ತಿರ ಪ್ರವಾಸಿಗಳು ಸೇರುತ್ತಾರೆ, ಉಳಿದ ಕಡೆ ಹೊಲವೇ ಹೊಲ. ಅಂಚಿನಲ್ಲಿ ಆಳ ಕಮ್ಮಿ. ಕೆಲವು ಕಡೆ ದೋಣಿ ದಡಕ್ಕೆ ಪೂರ್ತಿ ತಾಗುವುದಿಲ್ಲ, ಹಲಗೆ ಹಾಕಿ ಇಳಿಯಬೇಕು. ಬೇರೆಯವರು ಇದಕ್ಕೆ ಬಯ್ದುಕೊಳ್ಳುತ್ತಾರೆ. ನನಗಂತೂ ಆ ಮೂರಡಿ ನೀರಿನ ಅಂತರ ವರವೇ.

ನನಗೆ ಇಷ್ಟ ಆಕ್ಸ್‌ಫರ್ಡ್ ಕಾಲುವೆಯ ಮೇಲಿನ ಮಟ್ಟ. ಕ್ಲೇಡನ್‌ನಿಂದ ಮಾರ್ಸ್ಟನ್ ಡೋಲ್ಸ್‌ವರೆಗೆ 11 ಮೈಲಿ, ನಡುವೆ ಲಾಕ್ ಇಲ್ಲ. ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಹಾಕಿಕೊಟ್ಟ ದಾರಿ ಇದು. ಗುಡ್ಡ ಕಡಿಯುವ ಬದಲು ನೆಲದ ಏರಿಳಿತ ನೋಡಿಕೊಂಡು ಒಂದೇ ಮಟ್ಟದಲ್ಲಿ ಬಳಸಿ ಬಳಸಿ ಹೋಗುತ್ತದೆ. 1790ರಲ್ಲಿ ಆಕ್ಸ್‌ಫರ್ಡ್ ಮುಟ್ಟಿತು. ವರ್ಮ್‌ಲೇಟನ್ ಸುತ್ತ ಎಷ್ಟು ತಿರುವು ಅಂದರೆ ಅದೇ ತೋಟದ ಮನೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಬೆನ್ನಿಗೆ ಕಾಣುತ್ತದೆ. ಜನ ತೀರಾ ಕಮ್ಮಿ. ಆದರೆ ತಿರುವಿನಾಚೆಯಿಂದ ದೋಣಿ ದಿಢೀರ್ ಅಂತ ಎದುರಾಗುತ್ತದೆ. ಶ್ರಾಪ್‌ಶೈರ್ ಯೂನಿಯನ್ ಕಾಲುವೆ ಇದಕ್ಕೆ ಉಲ್ಟಾ. ಥಾಮಸ್ ಟೆಲ್‌ಫರ್ಡ್ ಗುಡ್ಡ ಕಡಿದು, ತಗ್ಗಿಗೆ ಏರಿ ಹಾಕಿ ನೇರ ಮಾಡಿದ್ದು. ಬರುವವರು ದೂರದಿಂದಲೇ ಕಾಣುತ್ತಾರೆ, ಲುಂಗಿಗೆ ಬೇಕಾದಷ್ಟು ಸಮಯ. ನಾವೂ ಅಷ್ಟೇ ದೂರದಿಂದ ಕಾಣುತ್ತೇವೆ ಅನ್ನುವುದು ಬೇರೆ ಮಾತು. ವೇಲ್ಸ್ ಗಡಿಯ ಲ್ಯಾಂಗಾಲನ್ ಕಾಲುವೆಯಲ್ಲಿ ಬಟ್ಟೆ ಬಿಚ್ಚುವ ಯೋಚನೆಯೇ ಬೇಡ. ಅಲ್ಲಿ 1805ರ ಪಾಂಟ್‌ಕಸತ್ತೆ ಮೇಲ್ಗಾಲುವೆ ಇದೆ, ನೆಲದಿಂದ 38 ಮೀಟರ್ ಎತ್ತರದಲ್ಲಿ ದೋಣಿ ಸಾಗುತ್ತದೆ. ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ. ಪಕ್ಕದಲ್ಲೇ ಸಾಲುಸಾಲು ಜನ ಮೊಬೈಲ್ ಹಿಡಿದು ನಡೆಯುತ್ತಿರುತ್ತಾರೆ.

ನೀರಿಗೆ ಇಳಿಯುವ ಆಸೆ ಬಂದೇ ಬರುತ್ತದೆ. ಬೇಡ. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಕೂಡ ಈಜಬೇಡಿ ಅನ್ನುತ್ತದೆ. ನಿಂತ ನೀರು, ತಳದಲ್ಲಿ ಹಳೇ ಸೈಕಲ್ಲು, ತಂತಿ. ಇಲಿಯ ಮೂತ್ರದಿಂದ ಬರುವ ಇಲಿಜ್ವರ ಇಲ್ಲೂ ಇದೆ, ಕಾಲಿನ ಸಣ್ಣ ಗಾಯದಿಂದಲೂ ಒಳಗೆ ಸೇರಬಹುದು. ನಾಲೆಯ ಹರಿಯುವ ನೀರಲ್ಲಿ ಬೆಳೆದವನಿಗೆ ಇದು ಸಂಕಟವೇ. ಒಳಗೆ ಶವರ್ ಇದೆ, ಮೈ ಒರೆಸದೆ ಹ್ಯಾಚ್ ಮುಂದೆ ಬಂದು ಕೂರುತ್ತೇನೆ.

ಕೂರುವಾಗ ಟವೆಲ್ ಹಾಸಿಯೇ ಕೂರಬೇಕು. ನೇಚರಿಸ್ಟರಲ್ಲಿ ಇದು ಎಲ್ಲ ಕಡೆಯ ನಿಯಮ. ಬಾಡಿಗೆ ದೋಣಿಯಾದರೆ ಇನ್ನೂ ಮುಖ್ಯ, ಮುಂದಿನ ವಾರ ಅದೇ ಸೋಫಾ ಮೇಲೆ ಬೇರೆಯವರು ಕೂರುತ್ತಾರೆ. ಸನ್‌ಸ್ಕ್ರೀನ್ ಧಾರಾಳವಾಗಿ ಹಚ್ಚಿ. ಬಿಸಿಲು ಕಾಣದ ಜಾಗ ಬೇಗ ಸುಡುತ್ತದೆ, ನಮ್ಮ ಕಪ್ಪು ಚರ್ಮವಾದರೂ ಅಷ್ಟೆ. ಒಗ್ಗರಣೆ ಹಾಕುವಾಗ ಮಾತ್ರ ಏಪ್ರನ್. ಸಾಸಿವೆ ಎಲ್ಲಿಗೆ ಸಿಡಿಯುತ್ತದೆ ಅಂತ ಹೇಳೋಕಾಗಲ್ಲ. "ಮೊಸರನ್ನ ಸಾಕು, ಹಪ್ಪಳ ಕರೆಯೋ ಸಾಹಸ ಬೇಡ" ಅನ್ನುವುದು ಹೆಂಡತಿಯ ಕಟ್ಟಪ್ಪಣೆ.

ಸೆಪ್ಟೆಂಬರ್ ಬಂದರೂ ನಮ್ಮ ಆರಾಮ ನಿಲ್ಲುವುದಿಲ್ಲ. ಸೌದೆ ಒಲೆ ಹಚ್ಚಿದರೆ ಆ ಸಣ್ಣ ಕೋಣೆ ಸ್ವಲ್ಪ ಹೊತ್ತಿಗೇ ಬೆಚ್ಚಗಾಗುತ್ತದೆ. ಕತ್ತಲಾದ ಮೇಲೆ ಒಳಗೆ ದೀಪ ಇದ್ದರೆ ಹೊರಗಿನವರಿಗೆ ಎಲ್ಲಾ ಕಾಣುತ್ತದೆ, ಆದ್ದರಿಂದ ನೀರಿನ ಕಡೆಯ ಪರದೆಯನ್ನೂ ಎಳೆಯಬೇಕು. ಪರದೆ ಎಳೆಯಿರಿ, ಆದರೆ ಬಾಗಿಲಲ್ಲಿ, ಮಾಡಿನಲ್ಲಿ ಇರುವ ಗಾಳಿಕಿಂಡಿಗೆ ಬಟ್ಟೆ ತುರುಕಬೇಡಿ. ಒಲೆಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಇರುತ್ತದೆ, ವಾಸನೆ ಬರುವುದಿಲ್ಲ. 2019ರಿಂದ ಇಂಥ ದೋಣಿಗಳಲ್ಲಿ ಅದರ ಅಲಾರಂ ಕಡ್ಡಾಯ. ಮಲಗುವ ಮುಂಚೆ ನಾನು ಅದರ ಟೆಸ್ಟ್ ಗುಂಡಿ ಒತ್ತಿ ನೋಡುತ್ತೇನೆ. ರಾತ್ರಿ ಅದು ನಿಜವಾಗಿ ಕೂಗಿದರೆ ಲುಂಗಿ ಹುಡುಕುತ್ತಾ ನಿಲ್ಲಬಾರದು, ಹೇಗಿದ್ದೀರೋ ಹಾಗೇ ಹೊರಗೆ ಓಡಿ.