ಸಿಹಿ ಜೋಳ ಬಿಟ್ಟು ಗೋವಿನಜೋಳ ಹಿಡಿದದ್ದು: ಎಥೆನಾಲ್ ಬೆಳೆಯ ನನ್ನ ಅನುಭವ

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ ನಮಗೆ ಒಂಬತ್ತು ಎಕರೆ ಹೊಲವಿದೆ; ಆರು ಎಕರೆ ಎರೆ (ಕಪ್ಪು ಮಣ್ಣು), ಉಳಿದದ್ದು ಮಸಾರಿ (ಕೆಂಪು ಮಣ್ಣು). ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗಾಗಿ ಬೆಳೆಯಬೇಕೆಂದು ಹೊರಟಾಗ ನಾನು ಮೊದಲು ಹಾಕಿದ್ದು ಎಲ್ಲರೂ ಹಾಕುವ ಲೆಕ್ಕವನ್ನೇ: ಎಕರೆಗೆ ಎಷ್ಟು ಲೀಟರ್? ಈ ಲೆಕ್ಕದಲ್ಲಿ ಕಬ್ಬಿನ ಮುಂದೆ ನಮ್ಮ ಬೇರೆ ಬೆಳೆಗಳು ನಿಲ್ಲುವುದಿಲ್ಲ. ಒಂದು ಟನ್ ಕಬ್ಬಿನ ರಸದಿಂದ ಸುಮಾರು 70 ಲೀಟರ್ ಬರುತ್ತದೆ. ಎಕರೆಗೆ 40 ಟನ್ ಬೆಳೆದರೆ 2,800 ಲೀಟರ್ ಆಯಿತು. ಗೋವಿನಜೋಳ, ಅಂದರೆ ಮೆಕ್ಕೆಜೋಳ, ಟನ್ನಿಗೆ ಸುಮಾರು 380 ಲೀಟರ್ ಕೊಟ್ಟರೂ, ಎಕರೆಗೆ 22 ಕ್ವಿಂಟಲ್ ಇಳುವರಿಯಲ್ಲಿ ಅದು 840 ಲೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಕಬ್ಬಿಗೆ ವರ್ಷವಿಡೀ ನೀರು ಬೇಕು, ನಮ್ಮ ಕೊಳವೆಬಾವಿಯೋ ಫೆಬ್ರವರಿ ದಾಟಿದ ಮೇಲೆ ದಿನಕ್ಕೆ ಎರಡು ತಾಸು ಓಡಿದರೆ ಹೆಚ್ಚು. ಕಬ್ಬಿನ ಮಾತು ಅಲ್ಲಿಗೇ ಮುಗಿಯಿತು.

ನನ್ನ ಮನಸ್ಸಿದ್ದದ್ದು ಸಿಹಿ ಜೋಳದ ಮೇಲೆ. ಇದು ಸ್ವೀಟ್ ಕಾರ್ನ್ ಅಲ್ಲ, ದಂಟಿನಲ್ಲಿ ಕಬ್ಬಿನಂತೆ ಸಿಹಿ ರಸವಿರುವ ಜೋಳ. ತೆನೆ ಮನೆಗೆ, ದಂಟಿನ ರಸ ಎಥೆನಾಲ್ ಘಟಕಕ್ಕೆ, ಸಿಪ್ಪೆ ದನಕ್ಕೆ. ಬಿತ್ತಿದ ನಾಲ್ಕು ತಿಂಗಳೊಳಗೆ ಹೊಲ ಖಾಲಿ. ದಂಟಿನಲ್ಲಿರುವುದು ಸಕ್ಕರೆಯಾದ್ದರಿಂದ ಯೀಸ್ಟ್ ಅದನ್ನು ನೇರವಾಗಿ ಹುದುಗಿಸುತ್ತದೆ, ಗೋವಿನಜೋಳದ ಪಿಷ್ಟದಂತೆ ಹಿಟ್ಟು ಮಾಡಿ, ಬೇಯಿಸಿ, ಕಿಣ್ವ ಹಾಕಿ ಸಕ್ಕರೆಯಾಗಿಸುವ ಖರ್ಚಿಲ್ಲ. ಎರಡು ಎಕರೆಯಲ್ಲಿ ಬಿತ್ತಿ ನೋಡಿದೆ. ಕಾಳು ಹಾಲು ಕಳೆದು ಗಟ್ಟಿಯಾಗುವ ಹೊತ್ತಿಗೆ ದಂಟನ್ನು ಹಿಂಡಿ, ಎರಡು ಹನಿ ರಸವನ್ನು, ರಸದ ಸಿಹಿ ಎಷ್ಟೆಂದು ತೋರಿಸುವ ಬ್ರಿಕ್ಸ್ ಮಾಪಕದ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದರೆ ಗೆರೆ 17ಕ್ಕೆ ನಿಂತಿತ್ತು. ಅಂದು ನನಗಾದ ಸಂತೋಷವನ್ನು ಮುಚ್ಚಿಡಲಾರೆ.

ಕಟಾವಾದ ದಿನವೇ ರಸ ತೆಗೆಯುವ ಗಾಣ ಕೆಟ್ಟಿತು. ದಂಟು ಎರಡು ದಿನ ಟ್ರ್ಯಾಕ್ಟರ್ ಟ್ರೇಲರಿನಲ್ಲೇ ಬಿಸಿಲಿಗೆ ಬಿದ್ದಿತ್ತು. ವಿಚಿತ್ರವೆಂದರೆ ಬ್ರಿಕ್ಸ್ ಅಷ್ಟೇನೂ ಇಳಿದಿರಲಿಲ್ಲ, ಏಕೆಂದರೆ ದಂಟಿನ ನೀರೂ ಆರಿ ಹೋಗಿತ್ತು. ಇಳಿದದ್ದು ರಸದ ತೂಕ, ಮತ್ತು ಆ ರಸಕ್ಕೆ ಆಗಲೇ ಹುಳಿ ವಾಸನೆ ಹತ್ತಿತ್ತು. ಘಟಕದವರು ಗಾಡಿಯನ್ನು ಗೇಟಿನಿಂದಲೇ ಹಿಂದಕ್ಕೆ ಕಳುಹಿಸಿದರು. "ದನಕ್ಕ ಹಾಕೋಣು ಬಿಡ್ರಿ ಅಣ್ಣಾ, ಅವಾದ್ರೂ ತಿಂತಾವ" ಎಂದ ತಮ್ಮನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಗಾಣ ಹೊಲದ ಪಕ್ಕದಲ್ಲೇ ಇದ್ದು ಕಟಾವಿನ ದಿನವೇ ಅರೆಯುವಂತಿದ್ದರೆ ಮಾತ್ರ ಸಿಹಿ ಜೋಳ ಬೆಳೆಯಬೇಕೆಂಬುದು ಅಂದಿನಿಂದ ನನ್ನ ಅಭಿಪ್ರಾಯ.

ಅಲ್ಲಿಂದ ಮುಂದೆ ಲೀಟರಿನ ಲೆಕ್ಕಕ್ಕಿಂತ ಮೊದಲು, ಕೊಯ್ದ ಮೇಲೆ ಬೆಳೆ ಎಷ್ಟು ದಿನ ತಡೆಯುತ್ತದೆ ಎಂದು ನೋಡತೊಡಗಿದೆ. ಹಾಗೆ ನೋಡಿದಾಗ, ಚೆನ್ನಾಗಿ ಒಣಗಿದ ಗೋವಿನಜೋಳ ಚೀಲದಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಅದಕ್ಕೂ ತನ್ನದೇ ಕಾಟಗಳಿವೆ. 2018ರಲ್ಲಿ ರಾಜ್ಯಕ್ಕೆ ಕಾಲಿಟ್ಟ ಸೈನಿಕ ಹುಳು ಸುಳಿಯನ್ನೇ ತಿನ್ನುತ್ತದೆ. ಕೊಯ್ಲಿನ ಮಳೆ ಅದಕ್ಕಿಂತ ದೊಡ್ಡ ಕಾಟ: ತೊಯ್ದ ತೆನೆಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ವಿಷ ಸೇರಬಹುದು. ಇಂಧನಕ್ಕೆ ಹೋಗುವ ಕಾಳಿಗೆ ವಿಷದ ಚಿಂತೆ ಏಕೆಂದು ನಾನೂ ಮೊದಲು ವಾದ ಮಾಡಿದ್ದೆ. ವಿಷ ಬಟ್ಟಿಯಲ್ಲಿ ಎಥೆನಾಲ್ ಜೊತೆ ಬರುವುದಿಲ್ಲ, ನಿಜ; ಆದರೆ ಟನ್ ಕಾಳಿಗೆ ಸುಮಾರು 300 ಕಿಲೋದಷ್ಟು ಉಳಿಯುವ ಒಣ ಶೇಷದಲ್ಲಿ ಅದು ಸುಮಾರು ಮೂರು ಪಟ್ಟು ಗಟ್ಟಿಯಾಗಿ ನಿಲ್ಲುತ್ತದೆ, ಮತ್ತು ಆ ಶೇಷ ಹೋಗುವುದು ದನ ಮತ್ತು ಕೋಳಿಗಳ ಆಹಾರಕ್ಕೆ.

ಆದ್ದರಿಂದ ಈಗ ಕಾಳಿನ ಬುಡವನ್ನು ಉಗುರಿನಿಂದ ಕೆರೆದು, ಕಾಳು ಪೂರ್ತಿ ಬಲಿತ ಗುರುತಾದ ಕಪ್ಪು ಪದರ ಕಂಡ ಮೇಲೆಯೇ ತೆನೆ ಮುರಿಸುತ್ತೇನೆ. ರಾಶಿಯನ್ನು ನೆಲಕ್ಕೆ ಹಾಕದೆ ತಾಡಪತ್ರಿಯ ಮೇಲೆ ತೆಳುವಾಗಿ ಹರಡಿ, ತೇವಾಂಶ ಶೇಕಡಾ 14ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸುತ್ತೇನೆ. ಇಟ್ಟು ಮಾರುವ ಮಾಲನ್ನು 12ರವರೆಗೆ ತರುತ್ತೇನೆ. 2025-26ಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಸುಗ್ಗಿಯ ಗದ್ದಲದಲ್ಲಿ ಆ ದರ ನನ್ನ ಕೈಗೆ ಸಿಗಲಿಲ್ಲ. ಅದಕ್ಕೇ ಅರ್ಧ ಮಾಲನ್ನು ಮನೆಯಲ್ಲೇ ಉಳಿಸಿಕೊಂಡು, ಎಥೆನಾಲ್ ಘಟಕ ಮತ್ತು ಕೋಳಿ ಆಹಾರದ ವ್ಯಾಪಾರಿ ಇಬ್ಬರನ್ನೂ ಕೇಳಿ, ಹೆಚ್ಚು ಹೇಳಿದವರಿಗೆ ತೂಗುತ್ತಿದ್ದೇನೆ.